ಭತ್ತದ ಚೀಲ, ಬಸ್ ಟಿಕೆಟ್ ಮತ್ತು ಎಂ.ಎ. ಪಾಠ

ಸಿರುಗುಪ್ಪದ ರೈತ 75 ಕೆ.ಜಿ.ಯ ಭತ್ತದ ಚೀಲ ಮಾರಲು ತರುತ್ತಾನೆ. ಇವತ್ತಿನ ರೇಟು ಇಷ್ಟು ಅಂತ ಹೇಳಿಸಿಕೊಳ್ಳುತ್ತಾನೆ. ಮನಸ್ಸಿದ್ದರೆ ಕೊಡಬೇಕು, ಇಲ್ಲದಿದ್ದರೆ ಚೀಲ ಹೇರಿಕೊಂಡು ವಾಪಸ್ ಹೋಗಬೇಕು. ಈ ರೇಟು ಕಟ್ಟಿದವರು ಯಾರು? ಮಳೆಯೇ, ಸರ್ಕಾರವೇ, ಮಿಲ್ಲಿನವರೇ, ದಲಾಲರೇ? ಚಹಾದಂಗಡಿಯಲ್ಲಿ ಕೇಳಿ ನೋಡಿ. ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಚಹಾ ಆರುವುದರೊಳಗೆ ಮಾತು ಜಗಳಕ್ಕೆ ಬಂದಿರುತ್ತದೆ.

ಈ ಪ್ರಶ್ನೆಯನ್ನು ಜಗಳವಿಲ್ಲದೆ, ಲೆಕ್ಕ ಹಾಕಿ ಬಿಡಿಸುವ ಒಂದು ಓದು ಇದೆ, ಸ್ವಾಮಿ. ಎಂ.ಎ. ಅರ್ಥಶಾಸ್ತ್ರದಲ್ಲಿ ಇಂಡಸ್ಟ್ರಿಯಲ್ ಎಕನಾಮಿಕ್ಸ್ ಅಂತಲೂ, ಇಂಡಸ್ಟ್ರಿಯಲ್ ಆರ್ಗನೈಸೇಷನ್ ಅಂತಲೂ ಕರೆಯುತ್ತಾರೆ. ಅದರ ಜೋಡಿ ಬರುವ ಇನ್ನೊಂದು ವಿಷಯ ಸ್ಪರ್ಧಾ ನೀತಿ, ಅಂದರೆ ಕಾಂಪಿಟಿಷನ್ ಪಾಲಿಸಿ. ಹೆಸರು ಕೇಳಿದರೆ ಬೆಂಗಳೂರು, ದಿಲ್ಲಿಯವರ ಬಾಬ್ತು ಅನಿಸುತ್ತದೆ. ಹಾಗೇನಿಲ್ಲ. ಈ ಓದಿನ ಸರಕೆಲ್ಲ ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲೇ ಬಿದ್ದಿದೆ. ಆರಿಸಿಕೊಳ್ಳುವವರು ಬೇಕು, ಅಷ್ಟೆ.

ಏನಿದು ಓದು?

ಸರಳವಾಗಿ ಹೇಳುವುದಾದರೆ ಮೂರು ಪ್ರಶ್ನೆ. ಒಂದು ವ್ಯಾಪಾರದಲ್ಲಿ ಎಷ್ಟು ಜನ ಇದ್ದಾರೆ? ಅವರು ಹೇಗೆ ನಡೆದುಕೊಳ್ಳುತ್ತಾರೆ? ಅದರಿಂದ ಗಿರಾಕಿಗೆ ಲಾಭವೋ ಲುಕ್ಸಾನೋ? ಅಮೆರಿಕದ ಜೋ ಬೇನ್ ಎಂಬ ಅರ್ಥಶಾಸ್ತ್ರಜ್ಞ 1950ರ ದಶಕದಲ್ಲಿ ಈ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದ. ಆಮೇಲೆ ಬಂದವರು ದಾರ ಅಷ್ಟು ನೇರವಾಗಿಲ್ಲ ಎಂದು ತೋರಿಸಿದರು. ಫ್ರಾನ್ಸಿನ ಜೀನ್ ಟಿರೋಲ್‌ಗೆ 2014ರಲ್ಲಿ ನೊಬೆಲ್ ಬಹುಮಾನ ಬಂದದ್ದು ಇದೇ ವಿಷಯದಲ್ಲಿ: ದೊಡ್ಡ ಕಂಪನಿಗಳ ಮಾರುಕಟ್ಟೆ ಬಲ ಮತ್ತು ಅದಕ್ಕೆ ಕಡಿವಾಣ.

ಒಂದು ಲೆಕ್ಕ ನೋಡಿ. ಒಂದು ಊರಲ್ಲಿ ಭತ್ತ ಕೊಳ್ಳುವವರು ಐದು ಜನ ಅನ್ನಿ. ಒಬ್ಬೊಬ್ಬರ ಪಾಲು 20 ಪರ್ಸೆಂಟ್. 20ನ್ನು 20ರಿಂದ ಗುಣಿಸಿ, 400. ಐದು ಸಲ ಕೂಡಿಸಿ, 2,000. ಈಗ ಪಕ್ಕದ ಊರು. ಅಲ್ಲಿಯೂ ಕೊಳ್ಳುವವರು ಐದೇ ಜನ. ಆದರೆ ಒಬ್ಬನ ಪಾಲೇ 60, ಉಳಿದ ನಾಲ್ವರದು ತಲಾ ಹತ್ತು. 60ನ್ನು 60ರಿಂದ ಗುಣಿಸಿದರೆ 3,600. ಹತ್ತು ಹತ್ತಲೆ ನೂರು, ನಾಲ್ಕು ಸಲಕ್ಕೆ 400. ಒಟ್ಟು 4,000. ತಲೆ ಎಣಿಸಿದರೆ ಎರಡೂ ಊರು ಒಂದೇ. ಲೆಕ್ಕ ಹಾಕಿದರೆ ಎರಡನೇ ಊರಲ್ಲಿ ಹಿಡಿತ ಎರಡರಷ್ಟು ಬಿಗಿ. ಇದಕ್ಕೆ ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ ಎಂದು ಹೆಸರು. ಹೆಸರು ಉದ್ದ, ಲೆಕ್ಕ ಏಳನೇ ಕ್ಲಾಸಿನದು.

ಆದರೆ ಇಲ್ಲೇ ಹುಷಾರಾಗಿರಬೇಕು. ಹಿಡಿತ ಬಿಗಿ ಇದ್ದ ಮಾತ್ರಕ್ಕೆ ಮೋಸ ನಡೆದಿದೆ ಎಂದಲ್ಲ. ರೇಟು ಒಂದೇ ಇದ್ದ ಮಾತ್ರಕ್ಕೆ ಒಳಸಂಚು ಎಂದೂ ಅಲ್ಲ. ಬೆಂಗಳೂರು ರಸ್ತೆಯಲ್ಲಿ ಅಕ್ಕಪಕ್ಕದ ಎರಡು ಅಂಗಡಿಯಲ್ಲಿ ಒಂದೇ ಲುಂಗಿಗೆ ಒಂದೇ ರೇಟು ಇರುತ್ತದೆ. ಯಾಕೆ? ಒಬ್ಬ ಐದು ರೂಪಾಯಿ ಜಾಸ್ತಿ ಹೇಳಿದರೆ ಗಿರಾಕಿ ಮೂರು ಹೆಜ್ಜೆ ನಡೆದು ಪಕ್ಕದವನ ಹತ್ತಿರ ಹೋಗುತ್ತಾನೆ. ಇದು ಸ್ಪರ್ಧೆ. ಇಬ್ಬರೂ ರಾತ್ರಿ ಕೂತು, ನಾಳೆಯಿಂದ ಇಷ್ಟಕ್ಕಿಂತ ಕಮ್ಮಿಗೆ ಕೊಡೋದು ಬೇಡ ಅಂದರೆ ಅದು ಒಳ ಒಪ್ಪಂದ. ಬೀದಿಯಲ್ಲಿ ನಿಂತವನಿಗೆ ಎರಡೂ ಒಂದೇ ಥರ ಕಾಣುತ್ತದೆ. ಬೇರ್ಪಡಿಸಿ ತೋರಿಸುವುದೇ ಈ ಓದಿನ ಕಸುಬು.

ಮಾರುಕಟ್ಟೆಗೆ ಗಡಿ ಎಲ್ಲಿ?

ಈ ಶಾಸ್ತ್ರದ ಮೊದಲ ಪಾಠ ಮಾರುಕಟ್ಟೆಯ ಗಡಿ ಗುರುತಿಸುವುದು. ನಕ್ಷೆಯ ಗಡಿ ಅಲ್ಲ, ವ್ಯಾಪಾರದ ಗಡಿ. ಭತ್ತ ಭಾರವಾದ ಸರಕು, ಲಾರಿ ಬಾಡಿಗೆ ತಿನ್ನುತ್ತದೆ. ಸಿರುಗುಪ್ಪದ ರೈತನಿಗೆ ಸಿಂಧನೂರೋ ಬಳ್ಳಾರಿಯೋ ಎಟುಕಬಹುದು, ಅದಕ್ಕಿಂತ ದೂರ ಹೋದರೆ ಬಾಡಿಗೆಗೇ ಲಾಭ ಸರಿಹೋಯಿತು. ಒಣಮೆಣಸಿನಕಾಯಿ ಹಾಗಲ್ಲ. ತೂಕ ಕಮ್ಮಿ, ಬೆಲೆ ಜಾಸ್ತಿ. ಅದಕ್ಕೇ ನಮ್ಮ ಕಡೆಯ ಮೆಣಸಿನಕಾಯಿ ಲಾರಿ ಹತ್ತಿ ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೋಗುತ್ತದೆ. ಹೊಲ ಒಂದೇ, ರೈತ ಒಬ್ಬನೇ. ಭತ್ತಕ್ಕೆ ಅವನ ಮಾರುಕಟ್ಟೆ ಸಣ್ಣದು, ಮೆಣಸಿನಕಾಯಿಗೆ ದೊಡ್ಡದು.

ಗಡಿ ದೊಡ್ಡದಾದ ಕೂಡಲೇ ರೈತ ಬಚಾವಾದ ಎಂದಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ರೇಟು ಬಿತ್ತೆಂದು ರೈತರು ರೊಚ್ಚಿಗೆದ್ದರು. ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆವಕ ಜಾಸ್ತಿಯಾಗಿ ರೇಟು ಇಳಿಯಿತೋ, ಕೊಳ್ಳುವವರು ಇಳಿಸಿದರೋ? ಟೆಂಡರ್ ಹಾಕಿದವರು ಎಷ್ಟು ಜನ, ಯಾವ ಲಾಟಿಗೆ ಎಷ್ಟು ಟೆಂಡರ್ ಬಿತ್ತು ಎಂಬ ಲೆಕ್ಕ ದಿನದಿನಕ್ಕೆ ರೈತನ ಕೈಗೆ ಸಿಗುವ ಹಾಗಿದ್ದರೆ ವಾದ ಮಾಡುವುದಕ್ಕೆ ಒಂದು ಕಾಗದ ಇರುತ್ತಿತ್ತು. ಕಾಗದ ಇಲ್ಲದ ಕಡೆ ಕಲ್ಲು ಮಾತಾಡುತ್ತದೆ.

ಬಸ್ಸಿನಲ್ಲಿ ಕೂತವರಿಗೂ ಇದೇ ಪಾಠ. ಕುರುಗೋಡಿನಿಂದ ಬಳ್ಳಾರಿಗೆ ದಿನಾ ಬರುವವರಿಗೆ ಸರ್ಕಾರಿ ಬಸ್ಸಿಗೆ ಬದಲಿ ಯಾವುದು? ಟಂಟಂ, ಸ್ವಂತ ಬೈಕು, ಇಲ್ಲಾ ಜೀಪು. ಚಾರ್ಜು ಐದು ಹತ್ತು ಪರ್ಸೆಂಟ್ ಏರಿಸಿದರೆ ಎಷ್ಟು ಜನ ಇಳಿದು ಬೇರೆ ಗಾಡಿ ಹತ್ತುತ್ತಾರೆ? ಬಹಳ ಜನ ಹತ್ತಿದರೆ ಅವೆಲ್ಲ ಒಂದೇ ಮಾರುಕಟ್ಟೆ. ಯಾರೂ ಹತ್ತದಿದ್ದರೆ ಬಸ್ಸಿಗೆ ಬಸ್ಸೇ ಮಾರುಕಟ್ಟೆ. ದೇಶ ದೇಶಗಳ ಸ್ಪರ್ಧಾ ಆಯೋಗಗಳು ದೊಡ್ಡ ದೊಡ್ಡ ಕಂಪನಿಗಳ ಮೇಲೆ ಪ್ರಯೋಗಿಸುವುದೂ ಇದೇ ಪರೀಕ್ಷೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಟಿಕೆಟ್ ಸೊನ್ನೆಯಾಯಿತು. ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವವರ ಕೈಗೆ ಕಾಸು ಉಳಿಯಿತು. ಟಂಟಂನವರ, ಖಾಸಗಿ ಬಸ್ಸಿನವರ ಸೀಟು ಖಾಲಿಯಾಯಿತು. ಖಾಸಗಿ ಸಾರಿಗೆಯವರು ಅದೇ ಸೆಪ್ಟೆಂಬರ್ 11ರಂದು ಬೆಂಗಳೂರಲ್ಲಿ ಬಂದ್ ಮಾಡಿದರು. ಯಾರು ಸರಿ? ಸ್ಪರ್ಧಾ ನೀತಿ ಓದಿದವನು ಜೈಕಾರವನ್ನೂ ಹಾಕುವುದಿಲ್ಲ, ಧಿಕ್ಕಾರವನ್ನೂ ಕೂಗುವುದಿಲ್ಲ. ಉಳಿದದ್ದು ಎಷ್ಟು, ಕಳೆದದ್ದು ಎಷ್ಟು, ಕಳೆದುಕೊಂಡವರಿಗೆ ದಾರಿ ಏನು ಎಂದು ಮೂರು ಕಾಲಂ ಎಳೆದು ಕೂರುತ್ತಾನೆ.

ಜೀನ್ಸಿನ ಪಾಠ, ಅದಿರಿನ ಪಾಠ

ಬಳ್ಳಾರಿ ಜೀನ್ಸ್ ಅಂದರೆ ಊರೂರಿಗೆ ಗೊತ್ತು. ಒಂದು ಕಡೆ ಬಟ್ಟೆ ಕತ್ತರಿಸುತ್ತಾರೆ, ಒಂದು ಮನೆಯಲ್ಲಿ ಹೊಲಿಯುತ್ತಾರೆ, ಇನ್ನೊಂದು ಕಡೆ ವಾಷಿಂಗ್, ಮತ್ತೊಂದು ಕಡೆ ಗುಂಡಿ, ಲೇಬಲ್. ಇದೆಲ್ಲ ಒಂದೇ ಸೂರಿನಡಿ ಯಾಕೆ ಆಗಲಿಲ್ಲ? ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞ 1937ರಲ್ಲಿ ಕೇಳಿದ್ದು ಇದೇ ಥರದ ಪ್ರಶ್ನೆ: ಯಾವ ಕೆಲಸವನ್ನು ಕಂಪನಿ ತಾನೇ ಮಾಡುತ್ತದೆ, ಯಾವುದನ್ನು ಹೊರಗೆ ಕೊಟ್ಟು ಮಾಡಿಸುತ್ತದೆ? ಹೊರಗೆ ಕೊಟ್ಟರೆ ಹುಡುಕಾಟ, ಚೌಕಾಸಿ, ಕಾವಲು, ತಕರಾರು ಎಲ್ಲಕ್ಕೂ ಖರ್ಚಿದೆ. ಆ ಖರ್ಚು ಕಮ್ಮಿ ಇದ್ದರೆ ಜಾಬ್‌ವರ್ಕ್, ಜಾಸ್ತಿಯಾದರೆ ಕಾರ್ಖಾನೆ. ಒಂದೇ ಕಸುಬಿನವರು ಒಂದೇ ಕೇರಿಯಲ್ಲಿ ಇದ್ದಾಗ ಆ ಖರ್ಚು ಇಳಿಯುತ್ತದೆ. ಕೌಲ್ ಬಜಾರ್‌ನ ಟೇಲರಿಗೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಆದರೆ ಅದನ್ನು ಅಳೆದು ಬರೆದರೆ ಅವನ ಕೂಲಿ ಯಾಕೆ ಏರುತ್ತಿಲ್ಲ ಎಂಬುದಕ್ಕೂ ಸುಳಿವು ಸಿಕ್ಕೀತು. ಹೊಲಿಯುವವರು ಬಹಳ, ಕೆಲಸ ಕೊಡುವವರು ಕೆಲವರು ಅಂದಾಗ ತಕ್ಕಡಿ ಎತ್ತ ವಾಲುತ್ತದೆ?

ಅದಿರಿನದು ಇನ್ನೂ ದೊಡ್ಡ ಪಾಠ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಅದಿರು ಮಾರಾಟ ಇ-ಹರಾಜಿನ ಮೂಲಕವೇ, ಉಸ್ತುವಾರಿ ಸಮಿತಿಯ ಕಣ್ಣೆದುರೇ ಎಂದಾಯಿತು. ರಫ್ತು ಬಂದ್. ಕೊಳ್ಳುವವರು ಕಮ್ಮಿ, ಅದಿರು ರಾಶಿ ಬಿದ್ದಿದೆ ಅನ್ನುವುದು ಗಣಿಯವರ ವಾದ. ಹರಾಜು ಬಿಟ್ಟರೆ ಮತ್ತೆ ಹಳೇ ಕಥೆ ಅನ್ನುವುದು ಎದುರಿನವರ ವಾದ. 2022ರ ಮೇ 20ರಂದು ಕೋರ್ಟು ಆ ಕಟ್ಟು ಸಡಿಲಿಸಿ ನೇರ ಮಾರಾಟಕ್ಕೂ ರಫ್ತಿಗೂ ದಾರಿ ಬಿಟ್ಟಿತು. ಹತ್ತು ವರ್ಷದ ಮೇಲಿನ ಈ ಹರಾಜಿನ ಲೆಕ್ಕಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಯಾವ ವಿದ್ಯಾರ್ಥಿಗೆ ಸಿಕ್ಕೀತು, ಹೇಳಿ?

ಸಂಘದ ಮೀಟಿಂಗಿಗೆ ಮುಂಚೆ

ಈಗ ಅಂಗಡಿಯವರಿಗೆ ನೇರ ತಟ್ಟುವ ಮಾತು. ಹಿಂದೆ 1969ರ ಎಂ.ಆರ್.ಟಿ.ಪಿ. ಕಾಯ್ದೆ ಇತ್ತು. ಟಾಟಾ, ಬಿರ್ಲಾರಂಥ ಮನೆತನಗಳು ವಿಪರೀತ ಬೆಳೆಯಬಾರದು ಎಂಬುದು ಅದರ ದೊಡ್ಡ ಚಿಂತೆ. 1991ರಲ್ಲಿ ಆ ಚಿಂತೆ ಸಡಿಲವಾಯಿತು. 2002ರಲ್ಲಿ ಸ್ಪರ್ಧಾ ಕಾಯ್ದೆ ಬಂತು. ಅದರ ಹಲ್ಲುಗಳು ಕಚ್ಚಲು ಶುರು ಮಾಡಿದ್ದು 2009ರ ಮೇ 20ರಿಂದ. ಈಗಿನ ಕಾನೂನು, ದೊಡ್ಡವನಾಗುವುದು ತಪ್ಪಲ್ಲ, ದೊಡ್ಡಸ್ತಿಕೆಯಿಂದ ಅನ್ಯಾಯ ಮಾಡುವುದು ತಪ್ಪು ಅನ್ನುತ್ತದೆ. ಇನ್ನೂ ಒಂದು ಮಾತು ಅನ್ನುತ್ತದೆ: ಒಂದೇ ವ್ಯಾಪಾರದವರು ಸೇರಿ ದರ ಕಟ್ಟಬಾರದು, ಸರಕು ತಡೆಯಬಾರದು, ಏರಿಯಾ ಹಂಚಿಕೊಳ್ಳಬಾರದು, ಟೆಂಡರಿನಲ್ಲಿ ಒಳಗೊಳಗೇ ರಿಂಗ್ ಮಾಡಬಾರದು.

ನಾವು ಸಣ್ಣವರು, ನಮಗೇನು ಅನ್ನಬೇಡಿ. ಒಪ್ಪಂದ ಬರವಣಿಗೆಯಲ್ಲೇ ಇರಬೇಕು ಅಂತಿಲ್ಲ, ಬಾಯಿಮಾತೂ ಸಾಕು. ಸಂಘದ ಠರಾವೂ ಒಪ್ಪಂದವೇ. ದಂಡ ಮೂರು ವರ್ಷದ ಸರಾಸರಿ ವಹಿವಾಟಿನ ಹತ್ತು ಪರ್ಸೆಂಟಿನವರೆಗೂ ಹೋಗಬಹುದು. ಕಾರ್ಟೆಲ್ ಆದರೆ ಅದಕ್ಕೂ ಮೇಲೆ. ಕೂಟದೊಳಗಿಂದ ಮೊದಲು ಬಂದು ಬಾಯಿಬಿಟ್ಟವನಿಗೆ ಮಾತ್ರ ಪೂರಾ ರಿಯಾಯಿತಿ ಸಿಗುವ ದಾರಿ ಇದೆ.

ಹಾಗಂತ ಸಂಘ ಕಟ್ಟುವುದೇ ತಪ್ಪೇ? ಖಂಡಿತ ಅಲ್ಲ. ರಸ್ತೆ ರಿಪೇರಿಗೆ, ಬೀದಿ ದೀಪಕ್ಕೆ, ಪಾರ್ಕಿಂಗ್‌ಗೆ ಪಾಲಿಕೆಗೋ ನಗರಸಭೆಗೋ ಪುರಸಭೆಗೋ ಮನವಿ ಕೊಡಿ. ಜಿಎಸ್‌ಟಿ ಪಾಠ ಹೇಳಿಸಿ. ಬಡ ಹಮಾಲರ ಮಕ್ಕಳಿಗೆ ಪುಸ್ತಕ ಹಂಚಿ. ರೇಟಿನ ಮಾತು ಬಂದಾಗ ಮಾತ್ರ ನಾಲಿಗೆ ಬಿಗಿಹಿಡಿಯಿರಿ.

ಉದಾಹರಣೆ ಬೇಕೇ? ಡಬ್ಬಿಂಗ್ ಕೇಸು ನೋಡಿ. ಕನ್ನಡಕ್ಕೆ ಡಬ್ ಆದ ಚಿತ್ರ, ಧಾರಾವಾಹಿ ಬರಕೂಡದೆಂದು ಚಿತ್ರರಂಗದ ಸಂಘಗಳು ದಶಕಗಳ ಕಾಲ ತಡೆ ಹಾಕಿದ್ದವು. ಅದರ ಹಿಂದೆ ಬರೀ ದುಡ್ಡಿನ ಆಸೆ ಇತ್ತು ಅನ್ನಲಾಗದು. ಸಣ್ಣ ಉದ್ಯಮ ಉಳಿಯಲಿ, ನಮ್ಮ ಕಲಾವಿದರಿಗೆ ಕೆಲಸ ಸಿಗಲಿ ಎಂಬ ಕಳಕಳಿ ಇತ್ತು. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. 2015ರ ಜುಲೈನಲ್ಲಿ ಸ್ಪರ್ಧಾ ಆಯೋಗ ಈ ತಡೆ ಕಾನೂನಿಗೆ ವಿರುದ್ಧ ಎಂದು ಹೇಳಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ 16 ಲಕ್ಷ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಿರುತೆರೆಯವರ, ನಿರ್ಮಾಪಕರ ಸಂಘಗಳಿಗೂ ದಂಡ ಬಿತ್ತು.

ಇಲ್ಲೂ ಬಳ್ಳಾರಿಯ ವಿದ್ಯಾರ್ಥಿಗೆ ಬೇರೆ ಯಾರಿಗೂ ಕಾಣದ ಪ್ರಶ್ನೆ ಕಾಣುತ್ತದೆ. ನಮ್ಮ ಟಾಕೀಸುಗಳಲ್ಲಿ ತೆಲುಗು ಚಿತ್ರ ತೆಲುಗಿನಲ್ಲೇ ಓಡುತ್ತದೆ, ಜನ ಶಿಳ್ಳೆ ಹೊಡೆದು ನೋಡುತ್ತಾರೆ. ಅಂದಮೇಲೆ ಕನ್ನಡ ಚಿತ್ರಕ್ಕೆ ಇಲ್ಲಿ ಪೈಪೋಟಿ ಡಬ್ಬಿಂಗಿನಿಂದಲೋ, ಮೂಲ ತೆಲುಗಿನಿಂದಲೋ? ಮಂಡ್ಯದ ಉತ್ತರ ಬಳ್ಳಾರಿಗೆ ಹೊಂದುವುದಿಲ್ಲ.

ಮನೆ ಕಟ್ಟಿದವರು ಸಿಮೆಂಟ್ ಕೇಸನ್ನೂ ತಿಳಿದಿರಲಿ. 2012ರಲ್ಲಿ ಆಯೋಗ ಹನ್ನೊಂದು ಸಿಮೆಂಟ್ ಕಂಪನಿಗಳಿಗೆ 6,000 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತು. 2015ರಲ್ಲಿ ಮೇಲ್ಮನವಿ ಮಂಡಳಿ ವಿಚಾರಣೆಯ ಕ್ರಮ ಸರಿಯಿಲ್ಲವೆಂದು ಆದೇಶ ರದ್ದು ಮಾಡಿತು. 2016ರಲ್ಲಿ ಆಯೋಗ ಮತ್ತೆ ವಿಚಾರಣೆ ಮಾಡಿ ಮತ್ತೆ ದಂಡ ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕಾನೂನು ಇದ್ದರೆ ಸಾಲದು, ಅದನ್ನು ಪುರಾವೆ ಸಮೇತ ನಡೆಸುವ ಜನ ಬೇಕು.

ಕಾನೂನು ಸಣ್ಣವರಿಗೆ ಕೋಲು ಮಾತ್ರವಲ್ಲ, ಕೊಡೆಯೂ ಹೌದು. ಔಷಧ ವ್ಯಾಪಾರದಲ್ಲಿ ಹೊಸಬ ಸ್ಟಾಕಿಸ್ಟ್ ಆಗಬೇಕಾದರೆ ಸಂಘದ ನಿರಾಕ್ಷೇಪಣಾ ಪತ್ರ ಬೇಕೆಂಬ ರೂಢಿಯನ್ನು ಆಯೋಗ ಹಲವು ಆದೇಶಗಳಲ್ಲಿ ತಪ್ಪೆಂದಿದೆ. ಆನ್‌ಲೈನ್ ಕಂಪನಿಗಳು ಕೆಲವೇ ಮಾರಾಟಗಾರರಿಗೆ ಮಣೆ ಹಾಕುತ್ತವೆ, ವಿಪರೀತ ರಿಯಾಯಿತಿ ಕೊಟ್ಟು ಅಂಗಡಿಯವರನ್ನು ಮುಗಿಸುತ್ತವೆ ಎಂದು ದಿಲ್ಲಿಯ ವರ್ತಕರು ದೂರು ಕೊಟ್ಟರು. 2020ರ ಜನವರಿಯಲ್ಲಿ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶಿಸಿತು. ಕಂಪನಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು, 2021ರಲ್ಲಿ ಸೋತವು. ಆಮೇಲೆ ಬೇರೆ ಬೇರೆ ಹೈಕೋರ್ಟುಗಳಲ್ಲಿ ಹುಟ್ಟಿದ ತಕರಾರುಗಳನ್ನು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. ಇಂಥ ಕೇಸಿನಲ್ಲಿ ವಕೀಲರ ಪಕ್ಕ ಅರ್ಥಶಾಸ್ತ್ರಜ್ಞನೂ ಕೂರಬೇಕಾಗುತ್ತದೆ. ನಷ್ಟಕ್ಕೆ ಮಾರಿದ್ದು ಎದುರಾಳಿಯನ್ನು ಓಡಿಸಲಿಕ್ಕೋ, ಹಳೇ ಸರಕು ಖಾಲಿ ಮಾಡಲಿಕ್ಕೋ? ಅದನ್ನು ಹೇಳುವುದು ಲೆಕ್ಕ.

ಓದುವುದೆಲ್ಲಿ? ಓದಿ ಏನಾಗುವುದು?

ಹಿಂದೆ ಎಂ.ಎ. ಅಂದರೆ ನಮ್ಮವರಿಗೆ ಗುಲ್ಬರ್ಗಾ ವಿಶ್ವವಿದ್ಯಾಲಯವೇ ಗತಿ. 2010ರಲ್ಲಿ ಬಳ್ಳಾರಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆಯಿತು. ಅರ್ಥಶಾಸ್ತ್ರದ ಎಂ.ಎ. ಇಲ್ಲೇ ಇದೆ. ಸಿರುಗುಪ್ಪದ ಹುಡುಗಿ ಬೆಳಿಗ್ಗೆ ಬಸ್ ಹತ್ತಿ ಕ್ಲಾಸ್ ಮುಗಿಸಿ ಸಂಜೆ ಮನೆ ಸೇರಬಹುದು, ಅದೂ ಟಿಕೆಟ್ ಇಲ್ಲದೆ. ಮುಂದೆ ಪಿಎಚ್.ಡಿ. ಮಾಡುವವರಿಗೆ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಐಸೆಕ್ ಸಂಸ್ಥೆ ಇದೆ.

ಯಜಮಾನ್ರು ಕೇಳುತ್ತಾರೆ, ನೌಕ್ರಿ ಏನ್ ಸಿಗ್ತೈತ್ರಿ? ನ್ಯಾಯವಾದ ಪ್ರಶ್ನೆಯೇ. ನೆಟ್, ಕೆ-ಸೆಟ್ ಪಾಸಾದರೆ ಉಪನ್ಯಾಸಕ ಹುದ್ದೆಗೆ ಅರ್ಹತೆ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಬೇಕು. ಅದರ ಪಠ್ಯದಲ್ಲಿ ಇಂಡಸ್ಟ್ರಿಯಲ್ ಎಕನಾಮಿಕ್ಸ್ ಎಂಬ ಭಾಗವೇ ಇದೆ. ಸ್ಪರ್ಧಾ ಆಯೋಗ ವಿದ್ಯಾರ್ಥಿಗಳನ್ನು ಇಂಟರ್ನ್ ಆಗಿಯೂ ತೆಗೆದುಕೊಳ್ಳುತ್ತದೆ. ಬ್ಯಾಂಕು, ಸಮೀಕ್ಷೆ, ಲಾ ಕಂಪನಿ, ಪತ್ರಿಕೆ, ಎಲ್ಲ ಕಡೆ ಲೆಕ್ಕ ಬಲ್ಲವನಿಗೆ ಜಾಗವಿದೆ. ಸುಲಭ ಅನ್ನುವುದಿಲ್ಲ, ಸುಳ್ಳು ಯಾಕೆ ಹೇಳಬೇಕು? ಗಣಿತ ಬೇಕು, ಸಂಖ್ಯಾಶಾಸ್ತ್ರ ಬೇಕು, ಕಂಪ್ಯೂಟರ್ ಬೇಕು. ಬಿ.ಎ. ಮೊದಲ ವರ್ಷದಿಂದಲೇ ಗಣಿತದ ಹೆದರಿಕೆ ಬಿಡಿಸಬೇಕು.

ದೊಡ್ಡ ಗೋಡೆ ಇರುವುದು ಭಾಷೆಯದು. ಬುದ್ಧಿ ಎಷ್ಟೇ ಚುರುಕಿದ್ದರೂ ಕನ್ನಡ ಮಾಧ್ಯಮದ ಹುಡುಗ ಮೊದಲ ಸೆಮಿಸ್ಟರಿನಲ್ಲೇ ದಪ್ಪ ಇಂಗ್ಲಿಷ್ ಪುಸ್ತಕ ನೋಡಿ ಕುಗ್ಗುತ್ತಾನೆ. ಹರಾಜು, ಟೆಂಡರ್, ದಲಾಲಿ, ಚೌಕಾಸಿ, ಪೈಪೋಟಿ, ಈ ಮಾತುಗಳು ಅವನ ಮನೆಯಲ್ಲೇ ಇವೆ. ಪುಸ್ತಕದ ಮಾತಿಗೂ ಮನೆಯ ಮಾತಿಗೂ ಗಂಟು ಹಾಕಿ ಪಾಠ ಹೇಳುವ ಮೇಷ್ಟ್ರು ಸಿಕ್ಕರೆ ಅವನು ಯಾರಿಗೂ ಕಡಿಮೆಯಾಗಲಾರ.

ಆದ್ದರಿಂದ ಒಂದು ಸಲಹೆ. ಬಳ್ಳಾರಿಯಲ್ಲಿ ಎಂ.ಎ. ಓದುವವರು ಪ್ರಬಂಧಕ್ಕೆ ವಿಷಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಒಬ್ಬರು ಸಿರುಗುಪ್ಪದ ಭತ್ತ ಹಿಡಿಯಲಿ: ಎಷ್ಟು ಜನ ಕೊಂಡರು, ಯಾರ ಪಾಲು ಎಷ್ಟು, ಸಿಂಧನೂರಿನ ರೇಟಿಗೂ ಇಲ್ಲಿಯದಕ್ಕೂ ಎಷ್ಟು ಅಂತರ. ಇನ್ನೊಬ್ಬರು ಕುರುಗೋಡಿನ ಟಂಟಂ ಹಿಡಿಯಲಿ. ಮತ್ತೊಬ್ಬರು ಜೀನ್ಸಿನ ಕೂಲಿ. ವರ್ಷಕ್ಕೆ ಐದು ಪ್ರಬಂಧ ಬಂದರೂ ಹತ್ತು ವರ್ಷಕ್ಕೆ ಐವತ್ತು. ಪ್ರತಿಯೊಂದಕ್ಕೂ ಎರಡು ಪುಟದ ಕನ್ನಡ ಸಾರಾಂಶ ಬರೆಸಿ ಎಪಿಎಂಸಿಯ ಬೋರ್ಡಿಗೆ, ಬಸ್ ನಿಲ್ದಾಣದ ಗೋಡೆಗೆ ಅಂಟಿಸಿ.

ಅಂಗಡಿಯವರೂ ಆ ಹುಡುಗರು ಪಟ್ಟಿ ಹಿಡಿದು ಬಂದಾಗ ಇನ್‌ಕಂ ಟ್ಯಾಕ್ಸಿನವರು ಬಂದಂತೆ ಷಟರ್ ಎಳೆಯಬೇಡಿ. ಹೆಸರು ಬೇಡ ಅನ್ನಿ, ಲೆಕ್ಕ ಕೊಡಿ. ನಾಳೆ ಯಾರೋ ದೊಡ್ಡವನು ನಿಮ್ಮ ಬೀದಿಗೆ ಬಂದು ನಷ್ಟಕ್ಕೆ ಮಾರಿ ನಿಮ್ಮನ್ನು ಎಬ್ಬಿಸಲು ನೋಡಿದಾಗ ನಿಮ್ಮ ಪರವಾಗಿ ಮಾತಾಡುವುದು ಅದೇ ಲೆಕ್ಕ. ನೀವೇ ರೈತನಿಗೆ, ಗಿರಾಕಿಗೆ ಅನ್ಯಾಯ ಮಾಡಿದ್ದರೆ ನಿಮ್ಮ ವಿರುದ್ಧ ಮಾತಾಡುವುದೂ ಅದೇ. ತಕ್ಕಡಿಗೆ ಎರಡು ತಟ್ಟೆ, ವ್ಯಾಪಾರಿಗೆ ಇದನ್ನು ಬೇರೆ ಹೇಳಬೇಕೆ?